ಲ್ಯಾವೆಂಡರ್ ಹಾರಿಹೋದ ಮೇಲೆ

ನಮ್ಮ ಮೇಡಂ ತಲೆಗೆ ಎಣ್ಣೆ ಮುಟ್ಟಿಸಿದವರಲ್ಲ. ಫ್ಯಾನ್ ಹಾಕಿದರೆ ಸಾಕು, ನರೆತ ಕೂದಲು ಹಿಂಜಿದ ಹತ್ತಿಯ ಹಾಗೆ ಎದ್ದು ನಿಲ್ಲುತ್ತಿತ್ತು. ಹೂವಿಲ್ಲ, ಪೌಡರಿಲ್ಲ, ಸೋಪು ಕೂಡ ವಾಸನೆಯಿಲ್ಲದ್ದೇ. ಮಾನೇಸರ್‌ನ ಸುಗಂಧತೈಲ ಪರೀಕ್ಷಿಸುವ ಲ್ಯಾಬಿಗೆ ಅವರು ಮುಖ್ಯಸ್ಥೆ, ನಾನು ಆಗತಾನೇ ಸೇರಿದವಳು. ಮೊದಲ ದಿನವೇ ನನ್ನ ಜಡೆಯ ಹತ್ತಿರ ಬಗ್ಗಿ, "ಏನಮ್ಮಾ, ತೆಂಗಿನ ತೋಟಾನೇ ತಲೆ ಮೇಲೆ ಹೊತ್ಕೊಂಡು ಬಂದಿದ್ದೀಯಲ್ಲ! ಪಾಪ, ಲ್ಯಾವೆಂಡರ್ ಎಲ್ಲಿ ಕೂರಬೇಕು?" ಎಂದರು. ಹರಿಯಾಣದಲ್ಲಿ ಕನ್ನಡದಲ್ಲಿ ಬೈಸಿಕೊಂಡ ಖುಷಿಗೆ ನಾಚಿಕೊಳ್ಳುವುದೇ ಮರೆತುಹೋಯಿತು.

ಅವರು ಕೊಡಗಿನವರು. ಸೈನ್ಯದಲ್ಲಿದ್ದ ಗಂಡ ತೀರಿಕೊಂಡ ಮೇಲೆ ಮಗಳ ಜೊತೆ ದೆಹಲಿಯ ಮಯೂರ್ ವಿಹಾರ್‌ನಲ್ಲಿದ್ದರು.

ಕಾಗದದ ಪಟ್ಟಿಯ ತುದಿಯನ್ನು ಎಣ್ಣೆಗೆ ಅದ್ದಿ ಮೂಸುವುದು ನಮ್ಮ ಕೆಲಸ. ಆದರೆ ತೀರ್ಪು ಆಗಲೇ ಹೇಳುವಂತಿಲ್ಲ. ಊಟ ಆದಮೇಲೆ ಮತ್ತೊಮ್ಮೆ, ಮರುದಿನ ಇನ್ನೊಮ್ಮೆ ಮೂಸಬೇಕು. "ಬಂದ ತಕ್ಷಣ ಎಲ್ಲರೂ ಚೆಂದಾನೇ. ಹಾರೋದು ಹಾರಲಿ, ಆಮೇಲೆ ಯಾರು ಉಳೀತಾರೆ ನೋಡು" ಎನ್ನುತ್ತಿದ್ದರು. ಒಮ್ಮೆ ಒಂದು ಲ್ಯಾವೆಂಡರ್ ಎಣ್ಣೆ ಬಂತು. ಯಂತ್ರದ ವರದಿಯಲ್ಲಿ ಲ್ಯಾವೆಂಡರಿಗೆ ಪರಿಮಳ ಕೊಡುವ ಲಿನಲೂಲ್, ಲಿನಲೈಲ್ ಅಸಿಟೇಟ್ ಎಲ್ಲ ಇರಬೇಕಾದಷ್ಟೇ ಇದ್ದವು. ಅಗ್ಗದ ಮಿಶ್ರತಳಿ ಲ್ಯಾವೆಂಡರ್ ಬೆರೆಸಿದ್ದರೆ ಮೂಗಿಗೆ ಹೊಡೆಯುವ ಕರ್ಪೂರದ ವಾಸನೆಯೂ ಇಲ್ಲ. ಊಟ ಮುಗಿಸಿ ಬಂದು ಪಟ್ಟಿ ಮೂಸಿದ ಮೇಡಂ, "ಹೂವು ಎದ್ದು ಹೋಯ್ತು, ಫ್ಯಾಕ್ಟರಿ ಮಾತ್ರ ಕೂತಿದೆ" ಎಂದರು. ಇನ್ನೊಂದು ಪರೀಕ್ಷೆ ಮಾಡಿಸಿದಾಗ ಕೃತಕ ಅಸಿಟೇಟ್ ಬೆರೆಸಿದ್ದು ಸಿಕ್ಕಿಬಿತ್ತು.

ಅಂಥ ಮೂಗನ್ನು ಒಂದು ಜ್ವರ ಹೊತ್ತುಕೊಂಡು ಹೋಯಿತು. ಅಯ್ಯೋ, ಹೇಗೆ ಹೇಳಲಿ! ತಿಂಗಳುಗಳಾದರೂ ವಾಸನೆ ಮರಳಲಿಲ್ಲ. ತಾವೇ ಆಫೀಸಿಗೆ ತಿಳಿಸಿ, ಮೂಸುವ ಕುರ್ಚಿಯಲ್ಲಿ ನನ್ನನ್ನು ಕೂರಿಸಿದರು. ಆದರೂ ದಿನಾ ಕರೆದು ಕೇಳುವರು. ನಾನು ಇಂಗ್ಲಿಷಿನಲ್ಲಿ ಶುರುಮಾಡಿದರೆ, "ಅದು ರಿಪೋರ್ಟಿಗೆ. ನನಗೆ ಕನ್ನಡದಲ್ಲಿ ಹೇಳು."

"ಇಸ್ತ್ರಿ ಮಾಡಿದ ಹತ್ತಿ ಸೀರೆ, ಮೇಡಂ. ಆಮೇಲೆ ಬಿಸಿಲಿಗೆ ಬಾಡಿದ ಹುಲ್ಲು."

ಕಣ್ಣು ಮುಚ್ಚಿ ಕೇಳುತ್ತಿದ್ದರು.

ಒಂದು ಭಾನುವಾರ ಮನೆಗೆ ಕರೆದು, ಗಂಡನ ಹಳೆಯ ಸ್ವೆಟರ್ ನನ್ನ ಮಡಿಲಿಗಿಟ್ಟರು. "ಇದರಲ್ಲಿ ಅವರಿದ್ದಾರಾ ನೋಡು. ಸುಳ್ಳು ಹೇಳಬೇಡ."

ಮೂಸಿದೆ. ಬರೀ ಲ್ಯಾವೆಂಡರ್. ಹುಳ ಹಿಡಿಯದಿರಲೆಂದು ಮೂಸಿ ಮುಗಿದ ಲ್ಯಾವೆಂಡರ್ ಪಟ್ಟಿಗಳನ್ನು ಅವರೇ ವರ್ಷಗಟ್ಟಲೆ ಟ್ರಂಕಿಗೆ ಹಾಕಿದ್ದರು. ಇದ್ದದ್ದನ್ನೇ ಹೇಳಿದೆ.

"ನಾನೇ ಅಳಿಸಿಬಿಟ್ಟೆನಾ?" ಎಂದರು. ಅವರ ಮುಖ ನೋಡಲಾಗಲಿಲ್ಲ.

"ಇರಿ ಮೇಡಂ, ಹಾರೋದು ಹಾರಲಿ" ಎಂದೆ.

ಹೊರಗಿನ ವಾಸನೆ ತಾಗದಿರಲೆಂದು ಕಿಟಕಿ ಮುಚ್ಚಿದ ಕೋಣೆಯಲ್ಲಿ ಸ್ವೆಟರ್ ತೂಗುಹಾಕಿದೆವು. ಮುಂದಿನ ಭಾನುವಾರ ಹೋಗಿ ಕತ್ತಿನ ಪಟ್ಟಿಯೊಳಗೆ ಮೂಗಿಟ್ಟೆ. "ಬೆವರು ಮೇಡಂ. ಶೇವಿಂಗ್ ಸೋಪು. ಮತ್ತೆ... ಸಿಗರೇಟು."

"ಆ ಸಿಗರೇಟಿಗೆ ಎಷ್ಟು ಜಗಳ ಆಡಿದ್ದೀನಿ!" ಎಂದು ನಗುತ್ತಲೇ ಅತ್ತುಬಿಟ್ಟರು. "ಇನ್ನೊಂದ್ಸಲ ಹೇಳಮ್ಮಾ." ಹೇಳಿದೆ. ಮಗಳು ಚಹಾ ತಂದಾಗ ಅವಳ ಮುಂದೆಯೂ ಹೇಳಿಸಿದರು.

ಈ ಚಳಿಗಾಲದಲ್ಲಿ ಮೇಡಂ ಹೋಗಿಬಿಟ್ಟರು. ಲ್ಯಾಬಿನಲ್ಲಿ ಹೊದೆಯುತ್ತಿದ್ದ ಅವರ ಶಾಲನ್ನು, "ದೀದಿ, ಮಮ್ಮಿ ಕಾ ಹೈ, ನೀವೇ ಇಟ್ಕೊಳ್ಳಿ" ಎಂದು ಮಗಳು ಕೊಟ್ಟಳು. ಮೂಸಿದರೆ ಲ್ಯಾವೆಂಡರ್. ನನಗೇನು ಹೊಸದೇ? ಕಿಟಕಿ ಮುಚ್ಚಿ ತೂಗುಹಾಕಿ ಕಾದೆ. ಹಾರುವುದೆಲ್ಲ ಹಾರಿದ ಮೇಲೆ, ಅವರ ಕುತ್ತಿಗೆ ತಾಗುತ್ತಿದ್ದ ಅಂಚನ್ನು ಮುಖಕ್ಕೊತ್ತಿಕೊಂಡೆ.

ಉಣ್ಣೆ. ಬರೀ ಉಣ್ಣೆ. ಎಣ್ಣೆ ಹಚ್ಚದೆ, ಹೂ ಮುಡಿಯದೆ, ಬಂದ ಎಣ್ಣೆಗಳಿಗೆಲ್ಲ ಜಾಗ ಬಿಟ್ಟುಕೊಟ್ಟ ಹೆಂಗಸು ತನ್ನದೊಂದು ವಾಸನೆಯನ್ನೂ ಇಟ್ಟುಕೊಂಡಿರಲಿಲ್ಲ.

ಅವರಿಗೆ ಸುಳ್ಳು ಹೇಳುವಂತಿಲ್ಲವಲ್ಲ. "ಏನೂ ಇಲ್ಲ ಮೇಡಂ" ಎಂದೆ, ಕನ್ನಡದಲ್ಲಿ.