ಕೋಟೆಯ ಜೈಲಿನಲ್ಲೊಂದು ಫೋಟೋ

ಒಂದು ಬೋರ್ಡನ್ನಾದರೂ ಪೂರ್ತಿ ಓದಲು ನನ್ನನ್ನು ಯಾರೂ ಬಿಡುವುದಿಲ್ಲ. ಹಿಂದೆ ಜೈಲಾಗಿದ್ದ ಒಮಾನಿನ ಹಳೇ ಕೋಟೆಯೊಂದನ್ನು ನೋಡಲು ಹೋಗಿದ್ದೆವು. ಹತ್ತನೇ ಕ್ಲಾಸಿನ ಇಂಗ್ಲಿಷಿನಲ್ಲಿ ಕೈದಿಗಳ ಕತೆ ತಡವರಿಸಿ ಓದುತ್ತಿದ್ದೆ. ಅಷ್ಟರಲ್ಲಿ ಗಂಡನ ಕರೆ: “ಬಾ ಮಾರಾಯ್ತಿ, ಒಂದು ಫೋಟೋ ತೆಗಿ.”

ಊರಿನ ವಾಟ್ಸಪ್ ಗ್ರೂಪಿಗೆ ಹಾಕಲೆಂದು ಮಗಳನ್ನು ಕೈದಿಗಳ ಕತ್ತಲೆ ಕೋಣೆಯೊಳಗೆ ನಿಲ್ಲಿಸಿ ಬಾಗಿಲು ಎಳೆದಿದ್ದರು. ಚಿಲಕ ಸಿಕ್ಕಿಕೊಂಡಿತ್ತು. ಒಳಗಿನಿಂದ ಅಳು ಕೇಳಿತು.

“ಎಂಥ ಫೋಟೋ ಮಾರಾಯ್ರೆ? ನೀವು ಒಳಗೆ ಹೋಗಿ, ನಾನು ತೆಗೆದು ನಿಮ್ಮ ಅಮ್ಮನಿಗೇ ಕಳಿಸ್ತೇನೆ.”

ನನ್ನ ಬೊಬ್ಬೆಗೆ ಓಡಿಬಂದ ಕಾವಲುಗಾರ ಚಿಲಕ ಬಡಿದು ತೆರೆದ.

ಅಲ್ ಖೌದಿನಲ್ಲಿರುವ ನಮ್ಮ ಮನೆ ಮುಟ್ಟುವಾಗ ಮಗಳು ಬಾಯಿಬಿಟ್ಟಳು.

“ನಾನು ಅತ್ತದ್ದು ನಿಮಗೆ ಕೇಳಿತಲ್ಲ ಅಮ್ಮ, ಅದು ಜೈಲಾಗಿದ್ದಾಗ ಕೈದಿಗಳು ಅತ್ತದ್ದು ಹೊರಗೆ ಇದ್ದವರಿಗೆ ಕೇಳ್ತಿರ್ಲಿಲ್ವಾ?”