ಕತ್ತರಿಯಮ್ಮ ಹೋಗಿ ನೋಡುತ್ತಾರೆ

ಬೆಳಗಿನ ಐದೂಕಾಲು. ನೀರಿನ ಟ್ಯಾಂಕರ್‌ಗಳು ತುಂಬಿಸಿಕೊಳ್ಳುವ ಸರ್ಕಾರಿ ಅಂಗಳದ ಎದುರು, ಮುಚ್ಚಿದ ಅಂಗಡಿಯೊಂದರ ಮೆಟ್ಟಿಲ ಮೇಲೆ ಐವತ್ತೇಳು ವರ್ಷದ ಹೆಂಗಸೊಬ್ಬರು ಕೂತಿದ್ದಾರೆ. ಕೂತಿದ್ದಾರೆ ಎನ್ನುವುದೂ ಅರ್ಧ ಸುಳ್ಳು. ಎರಡು ನಿಮಿಷ ಕೂರುತ್ತಾರೆ, ಎದ್ದು ಗೇಟಿನತ್ತ ನಾಲ್ಕು ಹೆಜ್ಜೆ ಹಾಕುತ್ತಾರೆ, ಕತ್ತು ಚಾಚಿ ಒಳಗೆ ಇಣುಕುತ್ತಾರೆ, ಮತ್ತೆ ಬಂದು ಕೂರುತ್ತಾರೆ. ಮಡಿಲಲ್ಲಿ ಮಕ್ಕಳು ಬರೆಯುವಂಥ ನಲವತ್ತು ಪುಟದ ನೋಟ್‌ಬುಕ್ಕು. ಕಾಗದದ ಪ್ರಕಾರ ಐದರಿಂದ ಎಂಟರೊಳಗೆ ಈ ಅಂಗಳದಿಂದ ಹದಿನಾಲ್ಕು ಟ್ಯಾಂಕರ್ ನೀರು ಹೊರಡಬೇಕು.

ಐದೂವರೆಗೆ ಕಾವಲುಗಾರ ಆಕಳಿಸುತ್ತ ಗೇಟು ತೆಗೆಯುತ್ತಾನೆ. ಆರಕ್ಕೆ ನಾಲ್ವರು ಚಾಲಕರು ಬಂದು, ಚಹಾ ಕುಡಿದು, ಮೂಲೆಯಲ್ಲಿ ಇಸ್ಪೀಟು ಹರಡುತ್ತಾರೆ. ಏಳಾದ ಮೇಲೆ ಒಂದೇ ಒಂದು ಟ್ಯಾಂಕರ್ ಹೊರಡುತ್ತದೆ. ಹೆಂಗಸು ಚೀಲ ಹೆಗಲಿಗೇರಿಸಿ ಅದರ ಹಿಂದೆಯೇ ನಡೆಯುತ್ತಾರೆ. ಹೆಚ್ಚು ದೂರವೇನಿಲ್ಲ, ಎರಡು ಬೀದಿ ಆಚೆ, ಅಂಗಳದ ಮೇಲ್ವಿಚಾರಕರು ಕಟ್ಟಿಸುತ್ತಿರುವ ಹೊಸ ಮನೆಯ ಮುಂದೆ ಟ್ಯಾಂಕರ್ ನಿಲ್ಲುತ್ತದೆ, ಹಸಿ ಗೋಡೆಗೆ ನೀರುಣಿಸುತ್ತದೆ. ಸುತ್ತಲ ಬಡಾವಣೆಗೆ ಕೊಳಾಯಿ ಬಂದೇ ಎರಡು ವರ್ಷವಾಗಿದೆ. ನೋಟ್‌ಬುಕ್ಕಿನಲ್ಲಿ ಅವರು ಬರೆಯುವುದು ಇಷ್ಟೇ: ‘ಒಂದು ಟ್ಯಾಂಕರ್. ಮೇಲ್ವಿಚಾರಕರ ಗೋಡೆ.’

ಇವರು ಖಜಾನೆ ಇಲಾಖೆಯ ವೆಚ್ಚ ಪರಿಶೀಲನಾ ವಿಭಾಗದ ಹಿರಿಯ ಗುಮಾಸ್ತೆ. ಹತ್ತು ಇಲಾಖೆಗಳಲ್ಲಿ ಇವರನ್ನು ಕತ್ತರಿಯಮ್ಮ ಎಂದೇ ಕರೆಯುವುದು. ಸರ್ಕಾರ ಯಾವುದಕ್ಕೆ ದುಡ್ಡು ಕೊಡುತ್ತಿದೆ, ಅದು ಇನ್ನೂ ಬೇಕೇ, ಬೇಡವಾದರೆ ಯಾವುದರ ಮೇಲೆ ಗೆರೆ ಎಳೆಯಬೇಕು ಎಂದು ಪಟ್ಟಿ ಮಾಡುವುದು ಇವರ ಕೆಲಸ. ಪಟ್ಟಿಗೆ ಸಹಿ ಹಾಕುವವರು ಬೇರೆ, ಸಭೆಯಲ್ಲಿ ಓದುವವರು ಬೇರೆ, ಬೈಸಿಕೊಳ್ಳುವವರು ಮಾತ್ರ ಇವರೇ. ಇವರು ಯಾವುದಾದರೂ ಕಚೇರಿಯ ಬಾಗಿಲಲ್ಲಿ ಕಂಡರೆ ಒಳಗಿನವರು ಹರಟೆ ಬಿಟ್ಟು ಕಡತ ಬಿಚ್ಚುತ್ತಾರೆ.

ಎರಡು ವರ್ಷದಿಂದ ಬೊಕ್ಕಸಕ್ಕೆ ಗ್ರಹಚಾರ ಕೂತಿದೆ. ಕಾರ್ಖಾನೆಗಳು ಮೂರು ದಿನ ತೆರೆದರೆ ಮೂರು ದಿನ ಮುಚ್ಚುತ್ತವೆ. ಬರಬೇಕಾದ ತೆರಿಗೆ ಬಂದೀತೋ ಇಲ್ಲವೋ ಹೇಳುವವರಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿಹೋದರು; ಮೂರು ತಿಂಗಳಿಗೊಮ್ಮೆ ಹಾಸಿಗೆಯೇ ಗಿಡ್ಡವಾದರೆ ಏನು ಮಾಡಬೇಕು ಎಂದು ಹೇಳಲಿಲ್ಲ. ಹಿಂದೆ ವರ್ಷಕ್ಕೊಂದು ಪಟ್ಟಿ ಕೇಳುತ್ತಿದ್ದರು, ಈಗ ವರ್ಷಕ್ಕೆ ನಾಲ್ಕು. ಕಳೆದ ಹನ್ನೆರಡು ತಿಂಗಳಲ್ಲಿ ಕತ್ತರಿಯಮ್ಮ ನೂರಾ ನಲವತ್ತು ಕಡೆ ಹೋಗಿ ನೋಡಿದ್ದಾರೆ. ನಾಲ್ಕಕ್ಕೆ ಏಳುತ್ತಾರೆ, ದಿನಕ್ಕೆ ಮೂರು ಬಸ್ಸು ಬದಲಿಸುತ್ತಾರೆ, ಹತ್ತೂವರೆಗೆ ಎಲ್ಲರಂತೆ ಕಚೇರಿಯ ಹಾಜರಿಗೂ ಸಿಗುತ್ತಾರೆ. ಹೀಗೆ ಹೋಗಿ ನೋಡಬೇಕೆಂದು ಯಾವ ನಿಯಮವೂ ಇಲ್ಲ, ಅದಕ್ಕೆ ಭತ್ಯೆಯೂ ಇಲ್ಲ.

ಈ ಹುಚ್ಚು ಹತ್ತಿದ್ದಕ್ಕೆ ಒಂದು ಕಥೆ ಇದೆ. ಒಂಬತ್ತು ವರ್ಷದ ಹಿಂದೆ ಇವರೂ ಎಲ್ಲರಂತೆ ಕುರ್ಚಿಯಲ್ಲಿ ಕೂತು ಗೆರೆ ಎಳೆಯುತ್ತಿದ್ದರು. ಒಂದು ದಿನ ಬಸ್ಸುಗಳ ಪಟ್ಟಿ ಬಂತು. ನಸುಕಿನ ನಾಲ್ಕೂವರೆಯ ಒಂದು ಬಸ್ಸಿನಲ್ಲಿ ದಿನಕ್ಕೆ ಸರಾಸರಿ ನಾಲ್ಕು ಟಿಕೆಟ್ಟು. ನಾಲ್ಕು ಜನಕ್ಕೊಂದು ಬಸ್ಸೇ ಎಂದು ಚಹಾ ಆರುವುದರೊಳಗೆ ಗೆರೆ ಎಳೆದರು. ಮೂರು ತಿಂಗಳಿಗೆ ನಾದಿನಿಯ ಹೆರಿಗೆಗೆಂದು ದೊಡ್ಡಾಸ್ಪತ್ರೆಗೆ ಹೋದಾಗ, ಮೆಟ್ಟಿಲ ಮೇಲೆ ನೆಲ ಒರೆಸುವ ಹೆಂಗಸೊಬ್ಬಳು ಊದಿದ ಪಾದ ಚಾಚಿಕೊಂಡು ಕೂತಿದ್ದಳು. ಮಾತಿಗೆ ಮಾತು ಬಂತು. ನಾಲ್ಕೂವರೆಯ ಬಸ್ಸು ನಿಂತ ಮೇಲೆ ಅವಳೂ ಅವಳ ಜೊತೆಯ ಮೂವತ್ತು ಜನರೂ ಕತ್ತಲಲ್ಲಿ ಐದು ಮೈಲಿ ನಡೆದು ಕೆಲಸಕ್ಕೆ ಬರುತ್ತಿದ್ದರು. ಆಸ್ಪತ್ರೆಯ ಕೆಲಸಗಾರರಿಗೆಲ್ಲ ಉಚಿತ ಪಾಸು. ಪಾಸಿನವರಿಗೆ ಯಂತ್ರ ಟಿಕೆಟ್ಟು ಹರಿಯುವುದಿಲ್ಲ. ಟಿಕೆಟ್ಟು ಹರಿಯದವರು ಲೆಕ್ಕದಲ್ಲಿ ಮನುಷ್ಯರಲ್ಲ.

“ಯಾವಳೋ ಕೂತ್ಕಡೆ ಕೂತು ಗೀಚವ್ಳಂತೆ, ಅವಳ ಕೈ ಸೇದೋಗ,” ಎಂದು ಆ ಹೆಂಗಸು ಎದುರಿಗೇ ಶಾಪ ಹಾಕಿದಳು. ಯಾರಿಗೆ ಹಾಕುತ್ತಿದ್ದೇನೆ ಎಂದು ಅವಳಿಗೆ ಗೊತ್ತಿರಲಿಲ್ಲ. ಕತ್ತರಿಯಮ್ಮ ಬಾಯಿ ಬಿಡಲಿಲ್ಲ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ ಎನ್ನುತ್ತಾರೆ, ಶಾಪಕ್ಕಲ್ಲ, ಬಾಯಿ ಬಿಡದಿದ್ದುದಕ್ಕೆ. ಆ ಬಸ್ಸನ್ನು ಮತ್ತೆ ಓಡಿಸಲು ಏಳು ತಿಂಗಳು ಹಿಡಿಯಿತು. ಎಳೆದ ಗೆರೆಯನ್ನು ಅಳಿಸುವುದಕ್ಕೆ ಸರ್ಕಾರದಲ್ಲಿ ಹನ್ನೊಂದು ಸಹಿ ಬೇಕು. ಅವತ್ತಿನಿಂದ, ಕಣ್ಣಾರೆ ನೋಡದೆ ಒಂದು ಸಾಲಿನ ಮೇಲೂ ಅವರು ಪೆನ್ನು ಇಟ್ಟಿಲ್ಲ.

ಹಾಗೆಂದು ಕರುಣೆಯ ಕಡಲು ಎಂದುಕೊಳ್ಳಬೇಡಿ. ಹೋದ ನೂರಾ ನಲವತ್ತರಲ್ಲಿ ಎಂಬತ್ತೊಂದಕ್ಕೆ ಗೆರೆ ಬಿದ್ದಿದೆ. ಮುಖ ನೋಡಿ ಮಣೆ ಹಾಕುವವರಲ್ಲ. ಟ್ಯಾಂಕರ್ ಅಂಗಳಕ್ಕೆ ಮರಳಿದಾಗ ಅಲ್ಲಿನ ಹಿರಿಯ ಚಾಲಕ ಇವರನ್ನು ಗುರುತು ಹಿಡಿದು, ಟೊಪ್ಪಿ ಕಂಕುಳಿಗೆ ಸಿಕ್ಕಿಸಿಕೊಂಡು ಹತ್ತಿರ ಬರುತ್ತಾನೆ.

“ನಾವಾಗಿ ಕೂತಿಲ್ಲಮ್ಮ, ನಮ್ಮನ್ನ ಕೂರ್ಸವ್ರೆ. ಗಾಡಿ ತೆಗಿ ಅಂದ್ರೆ ಈಗ್ಲೇ ತೆಗೀತೀವಿ,” ಎನ್ನುತ್ತಾನೆ.

ಅಂಗಳ ಮುಚ್ಚಲೇಬೇಕು ಎಂದು ಅವನಿಗೆ ನೇರವಾಗಿಯೇ ಹೇಳುತ್ತಾರೆ. ಅದರ ಕೆಳಗೆ, ಚಾಲಕರನ್ನು ಆಂಬುಲೆನ್ಸ್‌ಗೆ ಹಾಕಿ ಎಂದು ಇನ್ನೊಂದು ಸಾಲು ಬರೆಯುತ್ತೇನೆ ಎಂದೂ ಹೇಳುತ್ತಾರೆ. ಹೋದ ತಿಂಗಳು ಇನ್ನೊಂದು ಇಲಾಖೆಯ ಷೆಡ್ಡಿನಲ್ಲಿ ಚಾಲಕರಿಲ್ಲದೆ ನಿಂತ ಎರಡು ಆಂಬುಲೆನ್ಸ್‌ಗಳನ್ನು ಅವರು ನೋಡಿ ಬಂದಿದ್ದಾರೆ. ಎತ್ತು ಏರಿಗೆ, ಕೋಣ ನೀರಿಗೆ ಎಳೆಯುವ ಇಲಾಖೆಗಳ ನಡುವೆ, ಇಲ್ಲಿ ಸುಮ್ಮನೆ ಕೂತವರನ್ನೂ ಅಲ್ಲಿ ಸುಮ್ಮನೆ ನಿಂತ ಗಾಡಿಯನ್ನೂ ಒಟ್ಟಿಗೆ ಕಂಡವರು ಇವರೊಬ್ಬರೇ. ಮೇಲ್ವಿಚಾರಕರ ಗೋಡೆಯ ವಿಷಯವೂ ವರದಿಯಲ್ಲಿ ಹೋಗುತ್ತದೆ. ಉಪ್ಪು ತಿಂದವರು ನೀರು ಕುಡಿಯಲಿ.

ಆದರೆ ಈ ಬೆಳಗಿನ ಚಡಪಡಿಕೆಗೆ ಟ್ಯಾಂಕರ್ ಕಾರಣವಲ್ಲ. ಆರು ದಿನದ ಹಿಂದೆ ಇವರ ಮೇಜಿಗೇ ಒಂದು ಆದೇಶ ಬಂದಿದೆ. ಸುಧಾರಣೆ ಈ ಸಲ ಕಚೇರಿಯೊಳಗಿಂದಲೇ ಶುರುವಾಗಬೇಕಂತೆ. ಪರಿಶೀಲನಾ ವಿಭಾಗದ ಆರು ಹುದ್ದೆಗಳಲ್ಲಿ ಎಷ್ಟನ್ನು ಕೈಬಿಡಬಹುದು ಎಂದು ವಿಭಾಗವೇ ಹತ್ತು ದಿನದಲ್ಲಿ ಬರೆದುಕೊಡಬೇಕು; ಇನ್ನು ಮುಂದೆ ಯಂತ್ರಗಳು ಕಳಿಸುವ ಅಂಕಿ ನೋಡಿ ಗೆರೆ ಎಳೆದರೆ ಸಾಕು. ಬರೆಯುವ ಕೆಲಸ ಹಿರಿಯರಿಗೆ, ಎಂದರೆ ಕತ್ತರಿಯಮ್ಮನವರಿಗೆ. ಹುದ್ದೆ ಹೋದವರಿಗೆ ಎರಡೇ ದಾರಿ: ಅರವತ್ತು ಮೈಲಿ ಆಚೆಯ ಉಗ್ರಾಣ, ಇಲ್ಲವೇ ಕಡಿಮೆ ಪಿಂಚಣಿ ಒಪ್ಪಿಕೊಂಡು ಮನೆ.

ಹುದ್ದೆ ಹೋದರೆ ಹೋಗಲಿ, ಅಂಕಿ ನೋಡಿ ಗೆರೆ ಎಳೆಯುವ ಕಾಲ ಮತ್ತೆ ಬಂದರೆ ಆ ನಾಲ್ಕೂವರೆಯ ಬಸ್ಸಿನಂಥವು ಎಷ್ಟು ನಿಂತುಹೋದಾವು ಎನ್ನುವುದು ಅವರ ಹೆದರಿಕೆ. ಹಾಗೆ ನಿಂತರೆ ಯಾರಿಗೂ ಗೊತ್ತೂ ಆಗುವುದಿಲ್ಲ. ನಡೆದು ಬರುವವರು ನಡೆದು ಬರುತ್ತಲೇ ಇರುತ್ತಾರೆ, ಕಾಗದದಲ್ಲಿ ಉಳಿತಾಯ ಕಾಣುತ್ತಲೇ ಇರುತ್ತದೆ.

ಏಳನೆಯ ದಿನ ಅವರು ತಮ್ಮ ವಿಭಾಗವನ್ನೇ ನೋಡಲು ಕೂರುತ್ತಾರೆ. ಅದೇ ನಲವತ್ತು ಪುಟದ ನೋಟ್‌ಬುಕ್ಕು. ಬೆಳಗ್ಗೆ ಹತ್ತೂವರೆಯಿಂದ ಸಂಜೆ ಐದರವರೆಗೆ ಯಾರು ಬಂದರು, ಯಾವ ಕಡತ ತೆರೆಯಿತು, ಯಾರ ಮೇಜಿನ ಸುತ್ತ ಹರಟೆ ಕೂಡಿತು, ಎಲ್ಲ ಟಿಪ್ಪಣಿ. ತಾವೇ ಎರಡು ಸಲ ಎದ್ದುಹೋಗಿ ಕಿಟಕಿಯ ಬಳಿ ಹನ್ನೆರಡು ನಿಮಿಷ ಸುಮ್ಮನೆ ನಿಂತದ್ದನ್ನೂ ಬರೆದುಕೊಳ್ಳುತ್ತಾರೆ. ಸಹೋದ್ಯೋಗಿಗಳಿಗೆ ವಾಸನೆ ಹತ್ತುತ್ತದೆ. ಮಧ್ಯಾಹ್ನದ ಡಬ್ಬಿ ಬಿಚ್ಚುವಾಗ ಐವರೂ ಬೇರೆ ಮೇಜಿಗೆ ಹೋಗುತ್ತಾರೆ. ಇಪ್ಪತ್ತು ವರ್ಷ ಒಂದೇ ಡಬ್ಬಿಗೆ ಕೈಹಾಕಿ ಉಂಡವರು. ಕತ್ತರಿಯಮ್ಮ ಒಬ್ಬರೇ ಕೂತು ಎರಡು ತುತ್ತು ತಿಂದು ಮುಚ್ಚಳ ಹಾಕುತ್ತಾರೆ.

“ಆರು ಜನ ಇದೀವಿ. ಕೆಲಸ ಮೂರು ಜನರದ್ದು,” ಎನ್ನುತ್ತಾರೆ ಅವರು ಸಂಜೆ ಮನೆಯಲ್ಲಿ ಗಂಡನಿಗೆ, ನೋಟ್‌ಬುಕ್ಕು ಮುಂದೆ ತಳ್ಳಿ. “ಬೇರೆಯವರ ಕಚೇರಿಲಿ ಇಷ್ಟು ಕಂಡಿದ್ರೆ ಬಿಡ್ತಿದ್ನಾ?”

ಮನೆಯಲ್ಲಿ ನಿಜವಾದ ಕತ್ತರಿ ಇರುವುದು ಗಂಡನ ಕೈಯಲ್ಲಿ. ಆತ ದರ್ಜಿ. ಬೀದಿಗೆ ತೆರೆದ ಮುಂಕೋಣೆಯಲ್ಲೇ ಅಂಗಡಿ, ಹೊಲಿಗೆ ಯಂತ್ರದ ಪಕ್ಕ ಊಟದ ಮೇಜು. ಎರಡು ವರ್ಷದಿಂದ ಕಣ್ಣು ಮಂಜು. ಸೂಜಿಗೆ ದಾರ ಪೋಣಿಸಲು ಪಕ್ಕದ ಮನೆಯವರನ್ನು ಕೂಗುತ್ತಾರೆ. ಹೊಸ ಬಟ್ಟೆಗೆ ಬರುವವರು ಕಡಿಮೆ, ಹಳೆಯದನ್ನು ಬಿಗಿಮಾಡಿಸಲು ಬರುವವರೇ ಜಾಸ್ತಿ. ಮನೆ ನಡೆಯುತ್ತಿರುವುದು ಹೆಂಡತಿಯ ಸಂಬಳದಲ್ಲಿ. ಹೆಂಡತಿ ತನ್ನ ಹುದ್ದೆಯನ್ನೂ ಪಟ್ಟಿಗೆ ಹಾಕುವ ವಿಷಯ ಕೇಳಿ ಆತ ಪೆಡಲು ನಿಲ್ಲಿಸುತ್ತಾರೆ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ರೇಗುತ್ತಾರೆ. ಇನ್ನು ಮೂರು ವರ್ಷ ಸುಮ್ಮನಿದ್ದರೆ ಪೂರ್ತಿ ಪಿಂಚಣಿ ಸಿಗುತ್ತಿತ್ತಲ್ಲ ಎನ್ನುತ್ತಾರೆ. ಅದೂ ಸುಳ್ಳಲ್ಲ. ಅವತ್ತು ಗಂಡ ಹೆಂಡತಿ ಒಂದೇ ಕೋಣೆಯಲ್ಲಿ ಬೆನ್ನು ತಿರುಗಿಸಿಕೊಂಡು ಓಡಾಡುತ್ತಾರೆ. ಮರುದಿನ ಅವರು ಹೊರಡುವಾಗ ಗಂಡ ತಲೆ ಎತ್ತದೆ ಮಾತನಾಡುತ್ತಾರೆ.

“ನಿನ್ನ ಹೆಸರನ್ನ ನೀನೇ ಬರಿಯೋದಾದ್ರೆ ಪುಕ್ಕಟೆ ಬರೀಬೇಡ. ಬದಲಿಗೆ ಏನಾದ್ರೂ ಕೇಳು.”

ಒಂಬತ್ತನೆಯ ದಿನ ವಿಭಾಗದ ಸಾಹೇಬರ ಮೇಜಿಗೆ ಹೋದ ಟಿಪ್ಪಣಿಯಲ್ಲಿ ಮೂರು ಹುದ್ದೆ ಕೈಬಿಡಬಹುದೆಂದಿದೆ. ಮೊದಲನೆಯದು ಹಿರಿಯ ಗುಮಾಸ್ತೆಯದು. ಕೊನೆಯಲ್ಲಿ ಒಂದೇ ಬೇಡಿಕೆ: ಯಾವ ಸೇವೆಯನ್ನೇ ನಿಲ್ಲಿಸುವ ಮೊದಲೂ ಉಳಿದ ಮೂವರಲ್ಲಿ ಒಬ್ಬರು, ಸೇವೆ ನಡೆಯುವ ಹೊತ್ತಿನಲ್ಲಿ, ಸ್ಥಳಕ್ಕೆ ಹೋಗಿ ನೋಡಿ ಬರೆಯಲೇಬೇಕು. ಸಾಹೇಬರು ಇವರಿಗಿಂತ ಹದಿನೈದು ವರ್ಷ ಚಿಕ್ಕವರು. ಎರಡು ಸಲ ಓದಿ, ಇಂಥ ಟಿಪ್ಪಣಿಯಲ್ಲಿ ಜನ ತಮ್ಮ ಹೆಸರನ್ನು ಮರೆಯುವುದು ವಾಡಿಕೆ ಎನ್ನುತ್ತಾರೆ.

“ಸಂಬಳ ಎಲ್ರಿಗಿಂತ ಜಾಸ್ತಿ ನಂದೇ ಸಾರ್. ನನ್ನೊಬ್ಬಳ ದುಡ್ಡಲ್ಲಿ ಇಬ್ರು ಸುತ್ತಾಡ್ಬೋದು,” ಎಂದು ಕತ್ತರಿಯಮ್ಮ ಹೇಳಿ ಬರುತ್ತಾರೆ.

ಆಮೇಲಿನ ಹದಿನೈದು ದಿನ ಕಾಲು ಸುಟ್ಟ ಬೆಕ್ಕಿನ ಹಾಗೆ. ಮೇಜಿನ ಡ್ರಾಯರು ತೆಗೆಯುತ್ತಾರೆ, ಮುಚ್ಚುತ್ತಾರೆ. ಸಹಿಗೆ ಹೋದ ಕಡತ ಯಾವ ಮಹಡಿಯಲ್ಲಿದೆ ಎಂದು ಜವಾನನನ್ನು ದಿನಕ್ಕೆ ಮೂರು ಸಲ ಕೇಳುತ್ತಾರೆ. ಹೊರಗೆ ನೋಡಲು ಹೋದ ಕಡೆಯೂ ಮನಸ್ಸು ನಿಲ್ಲದು. ಒಂದು ರಕ್ತ ಪರೀಕ್ಷೆಯ ಕೇಂದ್ರದಲ್ಲಿ ಸಾಲು ಎಣಿಸುವುದನ್ನು ಮಧ್ಯದಲ್ಲೇ ಮರೆತು, ಮರುದಿನ ಮತ್ತೆ ಹೋಗಿ ಮೊದಲಿನಿಂದ ಎಣಿಸುತ್ತಾರೆ.

ಆದೇಶ ಅಚ್ಚಿಗೆ ಹೋಗುವ ಮುಂಚಿನ ಪ್ರತಿ ಕೊನೆಗೂ ಕೆಳಗಿಳಿಯುತ್ತದೆ. ಮೂರು ಹುದ್ದೆ ರದ್ದು. ಅದಕ್ಕೆ ಅವರು ತಲೆಯಾಡಿಸುತ್ತಾರೆ. ಕಣ್ಣು ಕೆಳಗಿನ ಸಾಲಿಗೆ ಹೋಗುತ್ತದೆ: ‘ಅಗತ್ಯವಿದ್ದಲ್ಲಿ ಮಾತ್ರ ಸ್ಥಳಕ್ಕೆ ಹೋಗಿ ನೋಡತಕ್ಕದ್ದು.’ ಮೂವತ್ತೊಂದು ವರ್ಷ ಸರ್ಕಾರದ ಭಾಷೆ ಓದಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಗತ್ಯವಿದ್ದಲ್ಲಿ ಮಾತ್ರ ಎಂದರೆ ಎಂದೂ ಇಲ್ಲ. ಹುದ್ದೆಯೂ ಹೋಯಿತು, ಬೇಡಿಕೆಯೂ ಹೋಯಿತು. ಕಾಗದ ಹಿಡಿದು ಎದ್ದೇಬಿಡುತ್ತಾರೆ.

ಕರೆಯದೆ ಸಾಹೇಬರ ಕೋಣೆಗೆ ಹೋದದ್ದು ಅವರ ನೌಕರಿಯಲ್ಲಿ ಅದೇ ಮೊದಲು. ಸಾಹೇಬರು ಸಮಾಧಾನ ಹೇಳುತ್ತಾರೆ: ಮೇಲಿನವರು ಸೇರಿಸಿದ ಮಾತು, ಖರ್ಚಿನ ಕಾಲ, ಎಲ್ಲ ಕಡೆಗೂ ಹೋಗಿ ಎನ್ನಲು ಸಾಧ್ಯವೇ. ಕತ್ತರಿಯಮ್ಮ ಕೂರುವುದಿಲ್ಲ. ಒಂಬತ್ತು ವರ್ಷದ ಹಿಂದಿನ ಬಸ್ಸಿನ ಕಥೆ, ಅದುವರೆಗೆ ಗಂಡನಿಗೆ ಬಿಟ್ಟು ಯಾರಿಗೂ ಹೇಳದ್ದು, ನಿಂತಲ್ಲೇ ಹೇಳುತ್ತಾರೆ. ಆ ಗೆರೆ ಎಳೆದವಳು ನಾನು ಎಂದೂ ಹೇಳುತ್ತಾರೆ.

“ಅವತ್ತು ನಂಗೆ ಅಗತ್ಯ ಅನ್ನಿಸಿರ್ಲಿಲ್ಲ ಸಾರ್,” ಎನ್ನುತ್ತಾರೆ. “ಕುರ್ಚಿಲಿ ಕೂತಿರೋವಾಗ ಯಾರಿಗೂ ಅನ್ಸಲ್ಲ. ನನ್ನ ಹುದ್ದೆ ತಗೊಳ್ಳಿ. ಆ ಎರಡು ಪದ ತೆಗೀರಿ.”

ಸಾಹೇಬರು ಕಾಗದವನ್ನು ತಮ್ಮತ್ತ ಎಳೆದುಕೊಳ್ಳುತ್ತಾರೆ. ಫೋನು ಎತ್ತಿ ಮೇಲಿನ ಮಹಡಿಯವರೊಡನೆ ಹತ್ತು ನಿಮಿಷ ಮಾತನಾಡುತ್ತಾರೆ, ಒಮ್ಮೆ ದನಿ ಏರುತ್ತದೆ. ಆಮೇಲೆ ಪೆನ್ನು ತೆಗೆದು ಎರಡು ಪದಗಳ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ಚಿಕ್ಕ ಸಹಿ ಹಾಕುತ್ತಾರೆ. ಕತ್ತರಿಯಮ್ಮ ಥ್ಯಾಂಕ್ಸ್ ಹೇಳುವುದನ್ನೂ ಮರೆತು ಹೊರಗೆ ಬಂದು, ಕಾರಿಡಾರಿನ ಬೆಂಚಿನ ಮೇಲೆ ಕೂತು ಅತ್ತುಬಿಡುತ್ತಾರೆ.

ತಿಂಗಳ ಕೊನೆಗೆ ಅವರು ಕಡಿಮೆ ಪಿಂಚಣಿಯ ಕಾಗದಕ್ಕೆ ಸಹಿ ಹಾಕಿದ್ದಾರೆ. ಈಗ ಮಧ್ಯಾಹ್ನ ಗಂಡನ ಸೂಜಿಗೆ ದಾರ ಪೋಣಿಸುತ್ತಾರೆ. ಆಸೆ ಏನು ಎಂದು ಕೇಳಿದರೆ, ಬೆಳಗ್ಗೆ ಆರರವರೆಗೆ ಮಲಗುವುದನ್ನು ಕಲಿಯಬೇಕು ಎನ್ನುತ್ತಾರೆ; ಇನ್ನೂ ಆಗಿಲ್ಲ. ಮೊನ್ನೆ ವಿಭಾಗದಲ್ಲಿ ಉಳಿದ ಮೂವರಲ್ಲಿ ಒಬ್ಬಾಕೆ ಮನೆಗೆ ಬಂದಿದ್ದಳು. ಡಬ್ಬಿ ಎತ್ತಿಕೊಂಡು ಬೇರೆ ಮೇಜಿಗೆ ಹೋದ ಐವರಲ್ಲಿ ಅವಳೂ ಒಬ್ಬಳು. ಬಾಗಿಲಲ್ಲೇ ನಿಂತು, ಮುಖ ಕೆಳಗೆ ಹಾಕಿ, ನಾಳೆ ನದಿಯಾಚೆಯ ಶಾಲೆಯೊಂದನ್ನು ನೋಡಲು ಹೋಗಬೇಕು, ಎಷ್ಟು ಹೊತ್ತಿಗೆ ಹೋಗಲಿ ಅಕ್ಕ ಎಂದು ಕೇಳಿದಳು.

“ಮೊದಲನೇ ಮಗು ಬರೋ ಮುಂಚೆ,” ಎಂದರು ಕತ್ತರಿಯಮ್ಮ. “ಕೊನೇ ಮಗು ಹೋಗೋವರೆಗೂ ಏಳ್ಬೇಡ.”