ಬಸಿದ ನೀರು

ಡಯಾಲಿಸಿಸ್ ಇದ್ದ ದಿನ ಅಮ್ಮನನ್ನು ಕರೆದುಕೊಂಡು ಕೆ.ಆರ್. ಪುರದಿಂದ ಹಲಸೂರಿಗೆ ಮೆಟ್ರೊದಲ್ಲಿ ಹೋಗುತ್ತೇನೆ. ಆಸ್ಪತ್ರೆಯ ಕುರ್ಚಿಯಲ್ಲೇ ಆಫೀಸಿನ ಕೆಲಸ ಮುಗಿಸುವುದು ರೂಢಿಯಾಗಿದೆ. ರೂಢಿಯಾಗದೆ ಉಳಿದದ್ದು ಅಮ್ಮ ಮೈ ಕೆರೆದುಕೊಳ್ಳುವ ಸದ್ದು. ಕೆಟ್ಟ ಮೂತ್ರಪಿಂಡ ರಂಜಕವನ್ನು, ಅಂದರೆ ಫಾಸ್ಫರಸ್ಸನ್ನು, ಹೊರಹಾಕುವುದಿಲ್ಲ, ಯಂತ್ರವೂ ಪೂರ್ತಿ ತೆಗೆಯಲಾರದು. ರಕ್ತದಲ್ಲಿ ಉಳಿದದ್ದು ತುರಿಕೆಯಾಗುತ್ತದೆ, ನಿಧಾನವಾಗಿ ಮೂಳೆ ಸವೆಸುತ್ತದೆ.

"ರಾಗಿ ಕಮ್ಮಿ ಮಾಡಿ. ಕಾಳು ಚೆನ್ನಾಗಿ ಬೇಯ್ಸಿ, ನೀರು ಬಸ್ದು ತಿನ್ನಿ," ಎಂದಿದ್ದರು ಆಹಾರತಜ್ಞೆ.

"ಅದೇನ್ ಬಿಡಿ, ನಮ್ಮನೇಲಿ ದಿನಾ ಬಸಿಯೋದೇ," ಎಂದಿದ್ದಳು ಅಮ್ಮ.

ಮುಂದಿನ ರಕ್ತಪರೀಕ್ಷೆಯಲ್ಲಿ ಫಾಸ್ಫರಸ್ ಇನ್ನೂ ಏರಿತ್ತು. ಕಾರಣ ತಿಳಿಯದೆ ಒಂದು ಭಾನುವಾರ ಅಡುಗೆಮನೆಯಲ್ಲಿ ನಿಂತೆ. ಅಮ್ಮ ಅಲಸಂದೆ ಬೇಯಿಸಿ ಬಸಿದಳು. ಕಾಳು ನನಗೆ ಪಲ್ಯವಾಯಿತು. ಬಸಿದ ನೀರಿಗೆ ಬೆಳ್ಳುಳ್ಳಿ, ಹುಣಸೆ, ಖಾರ ಅರೆದು ಹಾಕಿ ಕುದಿಸಿ, ತನ್ನ ಅನ್ನಕ್ಕೆ ಸುರಿದುಕೊಂಡಳು.

"ಏನಮ್ಮಾ ಇದು?"

"ಬಸ್ಸಾರು. ಬಸೀರಿ ಅಂದ್ರಲ್ಲ."

"ಆ ನೀರನ್ನ ಚೆಲ್ಲೋಕೆ ಹೇಳಿದ್ದು."

"ಬಸ್ದಿದ್ ನೀರ್ ಯಾರಾದ್ರೂ ಚೆಲ್ತಾರೇನೆ? ಓದಿ ಓದಿ ಸಾರನ್ನೇ ಮೋರಿಗ್ ಸುರಿಯೋದ್ ಕಲ್ತ್‌ಬಂದವ್ಳೆ."

ಚೆಲ್ಲಲು ಅವಳು ಒಪ್ಪಲಿಲ್ಲ. ಚಿಕ್ಕ ಹುಡುಗಿಯಾಗಿದ್ದಾಗ ಬೇಸಿಗೆಯಲ್ಲಿ ಬತ್ತಿದ ಕೆರೆಯ ಗೋಡುಮಣ್ಣನ್ನು ಮಂಕರಿಯಲ್ಲಿ ಹೊತ್ತು ರಾಗಿ ಹೊಲಕ್ಕೆ ಹಾಕಿದವಳು ಅವಳು. ರಂಜಕ ಆವಿಯಾಗಿ ಮೇಲೇರಿ ಮಳೆಯಾಗಿ ಮರಳುವಂಥದ್ದಲ್ಲ. ಮಣ್ಣಿನಿಂದ ಕಾಳಿಗೆ, ಕಾಳಿನಿಂದ ಮೈಗೆ, ಮೈಯಿಂದ ನೀರಿಗೆ ಇಳಿದು ಕೆರೆಯ ತಳ ಸೇರುತ್ತದೆ. ಅಲ್ಲಿಂದ ಹೊಲಕ್ಕೆ ಬರಬೇಕಾದರೆ ಯಾರಾದರೂ ಹೊರಬೇಕು. ಆ ಹೊಲದ ಮೇಲೆ ಈಗ ಅಪಾರ್ಟ್‌ಮೆಂಟುಗಳಿವೆ. ಅವುಗಳ ಕೊಳಚೆಯೆಲ್ಲ ಕೆರೆಗಿಳಿದು ಜೊಂಡಾಗಿ ನಿಂತಿದೆ. ಹೊರುವವರಿಲ್ಲ.

ಕೊನೆಗೆ ಒಂದು ಒಪ್ಪಂದವಾಯಿತು: ಕಾಳನ್ನು ಉಪ್ಪಿಲ್ಲದೆ ಬೇಯಿಸುವುದು, ಬಸಿದ ನೀರು ಆರಿದ ಮೇಲೆ ತಾರಸಿಯ ಡ್ರಮ್ಮಿನಲ್ಲಿರುವ ಅವರೆ ಬಳ್ಳಿಗೆ ಹಾಕುವುದು. ತಿಂಗಳುಗಳು ಹಾಗೇ ಹೋದವು. ಫಾಸ್ಫರಸ್ ಸ್ವಲ್ಪ ಇಳಿಯಿತು. ಕೆರೆತ ನಿಂತಿಲ್ಲ, ನಡುವೆ ಒಂದಷ್ಟು ಹೊತ್ತು ನಿದ್ದೆ ಬರುತ್ತದೆ, ಇಬ್ಬರಿಗೂ.

ಮೊನ್ನೆ ಬಳ್ಳಿಯ ಮೊದಲ ಕಾಯಿ ಬಿಡಿಸಿದೆವು.

"ನಂಗಾಗದ್ದನ್ನ ಕುಡ್ಕೊಂಡು ಹೆಂಗ್ ಬೆಳ್ದೈತೆ ನೋಡು," ಎಂದಳು ಅಮ್ಮ.

ಕಾಳು ಬೆಂದಿತು. ಬಸಿದ ಪಾತ್ರೆಯನ್ನು ಕೈಯಲ್ಲಿ ಹಿಡಿದು ಅಮ್ಮ ಬೆಳ್ಳುಳ್ಳಿಯ ಬುಟ್ಟಿಯನ್ನು ನೋಡುತ್ತ ನಿಂತಳು. ಅವರೆ ಸೊನೆಯ ಘಮ ಮನೆಯೆಲ್ಲ ತುಂಬಿತ್ತು.

"ತಾರಸಿ ಬಾಗ್ಲು ತೆಗಿ," ಎಂದಳು.

ತೆಗೆದೆ.